ಮೂರು ಸಲ ಎಸೆದ ಹಗ್ಗ

"ಗುರುಗಳೇ, ಒಬ್ಬನೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ನಾಲ್ಕು ಜನರನ್ನು ಏಕೆ ಕೂಗಬೇಕು?" ಎಂದು ಶಂಭುಲಿಂಗ ಕೇಳಿದ.

ಅವನು ಮಠದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ಜೊತೆಗಿದ್ದ ಇಬ್ಬರನ್ನು, ಅವರ ಕೈ ನಿಧಾನವೆಂದು, ವಾರದ ಹಿಂದೆ ತಾನೇ ಬೇರೆ ಕೆಲಸಕ್ಕೆ ಅಟ್ಟಿದ್ದ. ಆ ದಿನ ಬೆಳಿಗ್ಗೆ ಅನ್ನದ ದೊಡ್ಡ ಕೊಪ್ಪರಿಗೆಯನ್ನು ಒಬ್ಬನೇ ಬಗ್ಗಿಸಿ ಗಂಜಿ ಬಸಿಯಲು ಹೋಗಿ, ಕುದಿಗಂಜಿಯನ್ನು ಬಲಗೈ ಮೇಲೆ ಸುರಿದುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆ ಇಬ್ಬರು ನಗುತ್ತಾರೆಂಬ ನಾಚಿಕೆ. ಕೈಯನ್ನು ಮೇಲುವಸ್ತ್ರದೊಳಗೆ ಅಡಗಿಸಿಕೊಂಡು ಕೂತಿದ್ದ. ಗುರುಗಳ ಪಕ್ಕದಲ್ಲಿ ಕೊಯ್ದಿಟ್ಟ ಲೋಳೆಸರದ ಎಲೆಯೊಂದಿತ್ತು. ಅದು ಏಕೆಂದು ಅವನು ಯೋಚಿಸಲಿಲ್ಲ.

ಗುರುಗಳು ಹೇಳಿದರು.

ಕಡಲ ಕರೆಯ ಒಂದೂರಿನಲ್ಲಿ ಒಬ್ಬ ತಾಂಡೇಲನಿದ್ದ. ಮಂಜಿ ಎಂಬ ದೊಡ್ಡ ಹಾಯಿಹಡಗಿಗೆ ಅವನೇ ಯಜಮಾನ, ಕೈಕೆಳಗೆ ಏಳು ಜನ ಖಲಾಸಿಗಳು. ಮಂಜಿ ದಡ ಸೇರಿದಾಗಲೆಲ್ಲ ಊರವರು "ಏಳು ಜನ ಗಟ್ಟಿಗರಿದ್ದಾರೆ, ಇನ್ನೇನು" ಎನ್ನುತ್ತಿದ್ದರು. ಆ ಮಾತು ಅವನಿಗೆ ಸೇರುತ್ತಿರಲಿಲ್ಲ. ಒಂದು ದಿನ ಏಳೂ ಜನರನ್ನು ಕೆಲಸದಿಂದ ಬಿಡಿಸಿದ. ಹಾಯಿಯ ಹಗ್ಗಗಳನ್ನೆಲ್ಲ ರಾಟೆಗಳ ಮೇಲೆ ಹಾಯಿಸಿ ಚುಕ್ಕಾಣಿಯ ಬಳಿಗೇ ತಂದುಕೊಂಡ. ಜಾಣನೇ, ಅದರಲ್ಲಿ ಎರಡು ಮಾತಿಲ್ಲ. ಊರಿನವರು ಮೀನಿಗೆ ಹಾಕಲು ಕಾಯುತ್ತಿದ್ದ ಉಪ್ಪನ್ನೆಲ್ಲ ತುಂಬಿಕೊಂಡು ಮೂರು ದಿನ ಒಬ್ಬನೇ ಕಡಲಲ್ಲಿ ಬಂದ.

ಕಡಲಲ್ಲಿ ಏನೂ ಕೆಡಲಿಲ್ಲ. ಕೆಟ್ಟದ್ದು ಊರಿನ ಹೊಳೆಯೊಳಗೆ, ಹಡಗು ಕಟ್ಟುವ ದಕ್ಕೆಯ ಎದುರಿಗೆ. ಮಂಜಿಯನ್ನು ಕಟ್ಟುವಾಗ ಚುಕ್ಕಾಣಿಯಲ್ಲಿ ಒಬ್ಬ ಬೇಕು, ದಡದಲ್ಲಿ ಹಗ್ಗ ಹಿಡಿಯಲು ಇನ್ನೊಬ್ಬ ಬೇಕು. ಎಂಥ ಜಾಣನಾದರೂ ಎರಡೂ ಕಡೆ ನಿಲ್ಲಲಾರ. ಆ ಊರಿನಲ್ಲಿ ಒಂದು ಪದ್ಧತಿ. ಹಗ್ಗ ಬಂದು ಬಿದ್ದರೂ ತಾಂಡೇಲ "ಹಿಡೀರಪ್ಪಾ" ಎಂದು ಕೂಗುವವರೆಗೆ ದಡದವರು ಅದನ್ನು ಮುಟ್ಟುವುದಿಲ್ಲ. ಕೂಗದೆ ಮುಟ್ಟಿದರೆ, ನಿನಗೆ ಕೆಲಸ ಬಾರದು ಎಂದು ಹೀಯಾಳಿಸಿದ ಹಾಗೆ.

ಅಂದು ದಕ್ಕೆಯ ಮೇಲಿದ್ದವರು ಆ ಏಳೇ ಜನ. ತಾಂಡೇಲ ಹಗ್ಗ ಎಸೆದ. ಅದು ಅವರ ಕಾಲ ಬುಡದಲ್ಲಿ ಬಿತ್ತು. ಕೂಗಲು ಬಾಯಿ ತೆರೆದ, ತಾನೇ ಬಿಡಿಸಿದವರನ್ನು ಕಂಡು ಮುಚ್ಚಿಕೊಂಡ. ಹಗ್ಗ ಎಳೆದುಕೊಂಡು ಒಂದು ಸುತ್ತು ಹೋಗಿ ಬಂದ. ಮತ್ತೆ ಎಸೆದ, ಮತ್ತೆ ಎಳೆದುಕೊಂಡ. ಅವರ ಮುಖ ನೋಡಲಾರದೆ, ಚೆನ್ನಾಗಿದ್ದ ಗಂಟನ್ನೇ ಬಿಚ್ಚಿ ಕಟ್ಟತೊಡಗಿದ. ಮೂರನೆಯ ಸಲ ಹಗ್ಗ ಬಿದ್ದಾಗ ಹಿರಿಯ ಖಲಾಸಿಗೆ ತಡೆಯಲಾಗಲಿಲ್ಲ.

"ತಾಂಡೇಲರೇ, ಇಳಿತ ಶುರುವಾಯಿತು. ಒಂದು ಮಾತು ಕೂಗಿಬಿಡಿ, ಸಾಕು."

"ಗಾಳಿ ಸರಿಯಾಗಲಿ ಅಂತ ಕಾಯ್ತಾ ಇದ್ದೇನೆ" ಎಂದ ತಾಂಡೇಲ.

ಗಾಳಿಗೆ ಏನೂ ಆಗಿರಲಿಲ್ಲ. ಇಳಿಯುವ ನೀರು ಮಂಜಿಯನ್ನು, ಹೊಳೆ ಕಡಲು ಸೇರುವ ಅಳಿವೆಯ ಮರಳದಿಬ್ಬಕ್ಕೆ ಎಳೆದೊಯ್ದು ಮಗುಚಿತು. ಆಗ ಏಳೂ ಜನ ಕರೆಯದೆಯೇ ನೀರಿಗೆ ಹಾರಿ ಅವನನ್ನು ಹೊತ್ತು ತಂದರು. ಉಪ್ಪನ್ನು ತರಲಾಗಲಿಲ್ಲ, ಅದು ಕರಗಿಹೋಗಿತ್ತು. ಆ ವರ್ಷ ಉಪ್ಪಿಲ್ಲದೆ ಊರಿನ ಮೀನು ಕೊಳೆಯಿತು. ತಾಂಡೇಲ ಮತ್ತೆಂದೂ ಆ ದಾರಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಮಂಜಿ ಹೋಯಿತೆಂದಲ್ಲ. ಹಗ್ಗ ಮೂರು ಸಲವೂ ಅವರ ಕಾಲ ಬುಡದಲ್ಲೇ ಬಿದ್ದಿತ್ತಲ್ಲ, ಅದಕ್ಕೆ.

ಶಂಭುಲಿಂಗನ ಕೈ ಉರಿಯುತ್ತಿತ್ತು. ಈಗ ಮುಖವೂ ಉರಿಯತೊಡಗಿತು. "ಆ ಏಳು ಜನರಾದರೂ ಕೂಗುವ ಮೊದಲೇ ಹಿಡಿಯಬಹುದಿತ್ತಲ್ಲ, ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಹಿಡಿಯಬಹುದಿತ್ತು. ಅವನ ಮಾನ ಹೋದೀತೆಂದು ಸುಮ್ಮನಿದ್ದರು."

ಗುರುಗಳು ಲೋಳೆಸರದ ಎಲೆಯನ್ನು ಕೈಗೆತ್ತಿಕೊಂಡರು. ಶಂಭುಲಿಂಗ ಅದನ್ನು ನೋಡಿ ತಲೆ ತಗ್ಗಿಸಿದ.

"ಬೆಳಗಿನಿಂದ ನಾನೂ ಇದನ್ನು ಕೊಯ್ದಿಟ್ಟುಕೊಂಡು ಕಾಯುತ್ತಿದ್ದೇನೆ, ಕೈ ಚಾಚುತ್ತೀಯೋ, ಇನ್ನೂ ಗಾಳಿ ಸರಿಯಾಗಬೇಕೋ?"