ಮಡಿಕಟ್ಟೆಯ ಮೆಟ್ಟಿಲು

"ಗುರುಗಳೇ, ಒಳ್ಳೆಯದನ್ನು ಮಾಡಿದವನನ್ನೂ ಜನ ಯಾಕೆ ಪ್ರಶ್ನೆ ಮಾಡುತ್ತಾರೆ?"

ಸಂಗಯ್ಯ ಬಾಗಿಲಲ್ಲೇ ನಿಂತು ಕೇಳಿದ. ಅವನ ಮುಖ ಕೆಂಪಾಗಿತ್ತು. ಬೆಂಕಿಯಲ್ಲಿ ಸುಟ್ಟುಹೋದ ಒಂದು ಕೇರಿಗೆ ಮಠದಿಂದ ಮನೆಗಳನ್ನು ಕಟ್ಟಿಸುತ್ತಿದ್ದರು. ಉಸ್ತುವಾರಿ ಸಂಗಯ್ಯನದು. ಕೆಲಸ ಹೇಗೆ ನಡೆದಿದೆ ಎಂದು ನೋಡಲು ಹೋದವನಿಗೆ ಕೇರಿಯ ಜನ, ನೀವೊಬ್ಬರೇ ನೋಡಿ ಹೋದರೆ ಆಗದು, ನಾವೂ ಜೊತೆಗೆ ಕೂತು ನೋಡಬೇಕು, ಸರಿ ಇಲ್ಲದ್ದನ್ನು ಸರಿ ಇಲ್ಲ ಎನ್ನಬೇಕು ಎಂದಿದ್ದರು.

"ಕಟ್ಟಿಸುವವರು ನಾವು. ಸರಿಯೋ ತಪ್ಪೋ ನೋಡುವುದೂ ನಮ್ಮ ಕೆಲಸ. ನೆರಳು ಸಿಕ್ಕಿತಲ್ಲ, ಅವರಿಗೆ ತೀರ್ಪು ಹೇಳುವ ಅಧಿಕಾರವೂ ಬೇಕೇ?"

ಗುರುಗಳಿಗೆ ಸಿಟ್ಟು ಬಂದದ್ದು ಸಂಗಯ್ಯನಿಗೆ ತಿಳಿಯಿತು. ಸಿಟ್ಟು ಬಂದಾಗ ಅವರ ದನಿ ಇಳಿಯುತ್ತಿತ್ತು.

"ಕೂತುಕೋ," ಎಂದರು. ಆಮೇಲೆ ಹೇಳತೊಡಗಿದರು.

ಒಂದು ಹೊಳೆ. ಹೊಳೆಯ ದಡದಲ್ಲಿ ಒಂದು ಊರು. ಊರಾಚೆ ಮಡಿವಾಳರ ಕೇರಿ. ಊರಿನ ಮೈಲಿಗೆ ಬಟ್ಟೆಯನ್ನೆಲ್ಲ ಅವರು ಕತ್ತೆಗಳ ಮೇಲೆ ಹೇರಿಕೊಂಡು ಹೊಳೆಗೆ ಇಳಿಯುತ್ತಿದ್ದರು. ಬಟ್ಟೆ ಒಗೆಯುವ ಆ ಮಡಿಕಟ್ಟೆಗೆ ಇಳಿಯುವ ದಾರಿ ಮಣ್ಣಿನದು. ಮಳೆಗಾಲದಲ್ಲಿ ಅದು ಕೆಸರಾಗುತ್ತಿತ್ತು.

ಒಂದು ಮಳೆಗಾಲ ಒಬ್ಬ ವರ್ತಕ ಆ ದಾರಿಯಲ್ಲಿ ಬಂದ. ಮುದುಕನೊಬ್ಬ ಕೆಸರಿನಲ್ಲಿ ಮೊಣಕಾಲುದ್ದ ಹೂತು ಮೇಲೇಳಲಾಗದೆ ನಿಂತಿದ್ದ. ಅವನು ಕೇರಿಯ ಹಿರಿಯ, ಮಾಚಪ್ಪ. ವರ್ತಕ ತಾನೇ ಇಳಿದು ಕೈಹಿಡಿದು ಎತ್ತಿದ. ವರ್ತಕನ ಕಣ್ಣಲ್ಲಿ ನೀರು ಬಂತು. "ಇಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿಸಿಕೊಡುತ್ತೇನೆ," ಎಂದ. ಹೇಳಿದಂತೆಯೇ ಮಾಡಿದ. ಮಳೆ ನಿಂತ ಮೇಲೆ ದೂರದಿಂದ ಕಲ್ಲು ತರಿಸಿದ. ಒಳ್ಳೆಯ ಕಲ್ಲುಕುಟಿಗರನ್ನು ಕರೆಸಿದ. ಮೆಟ್ಟಿಲು ಹೇಗಿರಬೇಕು ಎಂದು ಅವರು ಕೇಳಿದರು. ಗುಡಿಯ ಕಲ್ಯಾಣಿಯಲ್ಲಿ ಇರುವ ಹಾಗೆ ಎಂದ.

ಮಾಚಪ್ಪ ಕೈಮುಗಿದುಕೊಂಡು ಮುಂದೆ ಬಂದ. "ಧಣೀ, ಕತ್ತೆಗಳು..." ಎಂದು ಶುರುಮಾಡಿದ.

ಕಲ್ಲುಕುಟಿಗರು ನಕ್ಕರು. ವರ್ತಕನೂ ನಕ್ಕ. ಅವನ ನಗುವಿನಲ್ಲಿ ಕೇಡು ಇರಲಿಲ್ಲ. "ಮೊದಲು ಮನುಷ್ಯರದು ನೋಡೋಣ, ಅಜ್ಜಾ. ಕತ್ತೆಯದು ಆಮೇಲೆ," ಎಂದ.

ಮಾಚಪ್ಪ ಹಿಂದೆ ಸರಿದ. ಆಮೇಲೆ ಎಂಬುದು ಬರಲೇ ಇಲ್ಲ.

ಮೆಟ್ಟಿಲು ಮುಗಿಯಿತು. ನೋಡಲು ಚೆಂದವಿತ್ತು. ಕಡಿದಾಗಿತ್ತು, ಕಿರಿದಾಗಿತ್ತು. ಹಳೆಯ ಇಳಿಜಾರು ಅದರ ಅಡಿಯಲ್ಲಿ ಮುಚ್ಚಿಹೋಯಿತು. ಹೊರೆ ಹೊತ್ತ ಕತ್ತೆ ಅಂಥ ಮೆಟ್ಟಿಲು ಇಳಿಯುವುದಿಲ್ಲ. ಹೊಡೆದರೂ ಇಳಿಯುವುದಿಲ್ಲ. ಕತ್ತೆಗಳು ಮೇಲೆ ನಿಂತವು. ಗಂಟುಗಳು ಹೆಂಗಸರ ತಲೆಯ ಮೇಲೆ ಬಂದವು. ಇಳಿಯುವಾಗ ಒಣಗಂಟು, ಹೇಗೋ ಇಳಿಯಬಹುದು. ಹತ್ತುವಾಗ ಒದ್ದೆ ಗಂಟು. ಕಾಲಡಿಯಲ್ಲಿ ಪಾಚಿ.

ಕೇರಿಯವರು ಊರಗೌಡನ ಹತ್ತಿರ ಹೋಗಿ ಹೇಳಿಕೊಂಡರು. ಗೌಡ ಗದರಿದ. "ದಾನ ಕೊಟ್ಟ ದನದ ಹಲ್ಲು ಎಣಿಸುತ್ತೀರಾ? ಅಂಥ ಪುಣ್ಯಾತ್ಮನ ಮುಂದೆ ಈ ಮಾತು ಆಡಿದರೆ ಊರಿನ ಮರ್ಯಾದೆ ಏನಾಗಬೇಕು?"

ಅವರು ಮರಳಿ ಬಂದರು. ಹೊತ್ತರು.

ವರ್ತಕ ಕಟ್ಟಿಸಿ ಮರೆಯುವವನಲ್ಲ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ತನ್ನ ಕಾರಕೂನನನ್ನು ಕಳಿಸುತ್ತಿದ್ದ. ಕಟ್ಟಿಸಿದ್ದು ಗಟ್ಟಿಯಾಗಿದೆಯೇ, ಜನಕ್ಕೆ ಉಪಯೋಗವಾಗಿದೆಯೇ ಎಂದು ತಿಳಿದುಕೊಂಡು ಬಾ ಎನ್ನುತ್ತಿದ್ದ. ಕಾರಕೂನ ಬಂದು ಗೌಡನ ಚಾವಡಿಯಲ್ಲಿ ಕೂರುತ್ತಿದ್ದ. ಕೇರಿಯವರನ್ನು ಅಲ್ಲಿಗೆ ಕರೆಸುತ್ತಿದ್ದರು. ಅವರು ಅಂಗಳದಲ್ಲಿ ನಿಲ್ಲುತ್ತಿದ್ದರು.

"ಕಲ್ಲು ಕದಲಿದೆಯೇ?"

"ಇಲ್ಲ."

"ನೀರು ಕೊನೆಯ ಮೆಟ್ಟಿಲಿಗೆ ಸಿಗುತ್ತದೆಯೇ?"

"ಸಿಗುತ್ತದೆ."

"ಸಂತೋಷವಾಗಿದ್ದೀರಾ?"

ಈ ಕೊನೆಯ ಪ್ರಶ್ನೆಗೆ ಗೌಡನೇ ಉತ್ತರ ಹೇಳುತ್ತಿದ್ದ. "ಬಹಳ ಸಂತೋಷವಾಗಿದ್ದಾರೆ."

ಒಂದು ಸಲ ಮಾಚಪ್ಪನ ಸೊಸೆ ಹೊನ್ನವ್ವ ಗಂಡಸರ ಹಿಂದಿನಿಂದ ದನಿ ಎತ್ತಿದಳು. "ಅಯ್ಯಾ, ನಮ್ಮ ಕತ್ತೆ ಕೆಳಗಿಳಿಯುವುದಿಲ್ಲ." ಕಾರಕೂನ ಅವಳ ಕಡೆ ನೋಡಿದ. ಕೆಟ್ಟವನೇನಲ್ಲ. "ತಾಯೀ, ಕತ್ತೆಯ ವಿಷಯ ಕೇಳಿಕೊಂಡು ಬಾ ಎಂದು ನನಗೆ ಹೇಳಿಲ್ಲ," ಎಂದ. ಎದ್ದು ಹೋದ. ಊರು ಸುಖವಾಗಿದೆ ಎಂದು ವರ್ತಕನಿಗೆ ಹೇಳಿದ. ವರ್ತಕ ಅಂದು ಎರಡು ತುತ್ತು ಹೆಚ್ಚಿಗೆ ಉಂಡ.

ಮುಂದಿನ ವರ್ಷ ಹೊನ್ನವ್ವ ಬಸುರಿಯಾದಳು. ಚೊಚ್ಚಲು. ದಿನ ತುಂಬುತ್ತ ಬಂದಿತ್ತು. ಗೌಡನ ಮನೆಯಲ್ಲಿ ಮದುವೆ ಎದ್ದಿತ್ತು. ಜಮಖಾನೆ, ಹಚ್ಚಡ, ಎಲ್ಲ ಒಗೆದು ಕೊಡಬೇಕು. ಮನೆಯಲ್ಲಿ ಕೂರು ಎಂದು ಗಂಡ ಭರಮಣ್ಣ ಹೇಳಿದ. ಕೂತರೆ ಕೆಲಸ ಮುಗಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಒದ್ದೆ ಜಮಖಾನೆಯ ಗಂಟನ್ನು ಹೊತ್ತು ಹತ್ತಿದಳು. ನಡುಮೆಟ್ಟಿಲಲ್ಲಿ ಕಾಲು ಜಾರಿತು. ಕೆಳಗಿನವರೆಗೂ ಉರುಳಿದಳು.

ಅವಳು ಉಳಿದಳು. ಮಗು ಉಳಿಯಲಿಲ್ಲ.

ಆ ವಾರವೇ ಕಾರಕೂನ ಬಂದ. ಚಾವಡಿಯಲ್ಲಿ ಕೂತ. ಏನು ನಡೆದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಕಲ್ಲು ಕದಲಿದೆಯೇ?"

ಮಾಚಪ್ಪ ಹೊಳೆಯ ಕಡೆ ನೋಡಿದ. "ಇಲ್ಲ ಅಯ್ಯಾ. ಕಲ್ಲು ಕದಲಿಲ್ಲ," ಎಂದ.

ಭರಮಣ್ಣ ಅದನ್ನು ಕೇಳಿದ. ಅಂಗಳದಿಂದ ಹೊರಗೆ ನಡೆದ. ಹಾರೆ ತಂದ. ಹೊಳೆಗೆ ಹೋಗಿ ಮೊದಲ ಕಲ್ಲನ್ನು ಮೀಟಿದ. ಅದು ಸುಲಭಕ್ಕೆ ಏಳಲಿಲ್ಲ, ಒಳ್ಳೆಯ ಕೆಲಸವಾಗಿತ್ತಲ್ಲ. ಅವನ ಅಂಗೈ ಹರಿಯಿತು. ಆಗ ಇನ್ನೊಬ್ಬ ಬಂದ. ಆಮೇಲೆ ಇಡೀ ಕೇರಿ ಬಂತು. ಹೆಂಗಸರು ಎದ್ದ ಕಲ್ಲನ್ನು ಉರುಳಿಸಿ ಹೊಳೆಗೆ ನೂಕಿದರು. ಯಾರೂ ಕೂಗಾಡಲಿಲ್ಲ. ಕಲ್ಲು ನೀರಿಗೆ ಬೀಳುವ ಸದ್ದು ಮಾತ್ರ ಇತ್ತು.

ಕಾರಕೂನ ಓಡಿದ. ವರ್ತಕ ಗಾಡಿ ಕಟ್ಟಿಸಿಕೊಂಡು ಬಂದ. ಒಡೆದ ದಡವನ್ನು ನೋಡಿ ಕೂಗಿದ.

"ಉಂಡ ಮನೆಗೆ ದ್ರೋಹ ಬಗೆದಿರಲ್ಲ! ನಿಮ್ಮಿಂದ ನಾನೇನು ಕೇಳಿದ್ದೆ? ವರ್ಷವರ್ಷವೂ ನನ್ನ ಮನುಷ್ಯ ಬಂದು ವಿಚಾರಿಸಿದ. ಆಗ ನಿಮಗೆ ಬಾಯಿ ಇರಲಿಲ್ಲವೇ?"

ಗೌಡ ಜನರನ್ನು ಬಯ್ಯತೊಡಗಿದ. ಮಾಚಪ್ಪ ವರ್ತಕನ ಕಾಲಿಗೆ ಬೀಳಲು ಬಗ್ಗಿದ. ಹೊನ್ನವ್ವ ಗುಡಿಸಲಿನಿಂದ ಕೋಲೂರಿಕೊಂಡು ಬಂದಳು. ಮಾವನ ತೋಳು ಹಿಡಿದು ನಿಲ್ಲಿಸಿದಳು.

"ಬಾಯಿ ಇತ್ತು, ಧಣೀ. ನೀವು ಕಲ್ಲಿನ ಯೋಗಕ್ಷೇಮ ಕೇಳಿಸಿದಿರಿ. ಕಲ್ಲು ಚೆನ್ನಾಗಿದೆ ಎಂದು ಹೇಳಿದೆವು. ನಮ್ಮ ಯೋಗಕ್ಷೇಮ ಯಾವತ್ತು ಕೇಳಿಸಿದಿರಿ?"

ವರ್ತಕ ಅವಳನ್ನು ನೋಡಿದ. ಎದೆಯ ಮೇಲೆ ಅವಳ ಸೀರೆ ಒದ್ದೆಯಾಗಿತ್ತು. ಕುಡಿಯುವ ಮಗುವಿರದೆ ಹಾಲು ಸೋರುತ್ತಿತ್ತು. ಏನಾಯಿತು ಎಂದು ಅವನು ಗೌಡನನ್ನು ಕೇಳಿದ. "ಏನಿಲ್ಲ, ಹೆಂಗಸು ಜಾರಿಬಿದ್ದಳು," ಎಂದ ಗೌಡ.

ವರ್ತಕ ಅಲ್ಲಿಯೇ ಕೂತುಬಿಟ್ಟ. "ಇದಕ್ಕಿಂತ ಒಳ್ಳೆಯದನ್ನು ಕಟ್ಟಿಸಿಕೊಡುತ್ತೇನೆ, ತಾಯೀ," ಎಂದ.

"ಬೇಡ!" ಎಂದಳು ಹೊನ್ನವ್ವ. "ನೀವು ಕಟ್ಟಿಸುತ್ತೀರಿ, ನಾವು ಹೊಗಳಬೇಕು. ನಾವು ಹೊಗಳಿದ್ದನ್ನು ನೀವು ನಂಬುತ್ತೀರಿ. ಅದು ಇನ್ನು ಸಾಕು. ಕಟ್ಟುವುದಾದರೆ ಎಲ್ಲಿ, ಹೇಗೆ ಎಂದು ನಾವು ಹೇಳಬೇಕು. ನಿಲ್ಲಿಸು ಎಂದರೆ ಕಲ್ಲುಕುಟಿಗರು ನಿಲ್ಲಿಸಬೇಕು. ವರ್ಷಕ್ಕೊಮ್ಮೆ ನೋಡುವುದಾದರೆ ಚಾವಡಿಯಲ್ಲಲ್ಲ, ಇಲ್ಲಿ ಹೊಳೆಯ ಹತ್ತಿರ ಕೂತು ನೋಡಬೇಕು. ಹೊರೆ ಹೊರುವವರು ಮೊದಲು ಮಾತಾಡಬೇಕು. ಏನು ಕೇಳಬೇಕು ಎನ್ನುವುದನ್ನೂ ನಾವೇ ಹೇಳುತ್ತೇವೆ."

ಕೊಡುವವನಿಗೆ ಅಷ್ಟೊಂದು ಕಟ್ಟಳೆ ಹಾಕಿದವರನ್ನು ವರ್ತಕ ಕಂಡಿರಲಿಲ್ಲ. ಅವನ ಮನಸ್ಸಿಗೆ ಪೆಟ್ಟಾಯಿತು. ಗಾಡಿ ಹತ್ತಿ ಹೊರಟುಹೋದ.

ಅವನು ಬರಲಿಲ್ಲ. ಮಳೆಗಾಲ ಬಂತು. ಕೇರಿಯವರು ಮತ್ತೆ ಕೆಸರಿನಲ್ಲಿ ಇಳಿದರು. ಗೌಡ ಅವರನ್ನು ಕಂಡಾಗಲೆಲ್ಲ ಕೈಗೆ ಬಂದ ತುತ್ತನ್ನು ಕಾಲಲ್ಲಿ ಒದ್ದವರು ಎಂದ. ಕೇರಿಯಲ್ಲೂ ಕೆಲವರು ಹೊನ್ನವ್ವನನ್ನು ಬಯ್ದರು. ಅವಳು ಯಾರಿಗೂ ಎದುರಾಡಲಿಲ್ಲ, ತನ್ನ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಮಳೆ ಹೋದ ಮೇಲೆ ಒಂದು ದಿನ ವರ್ತಕ ನಡೆದುಕೊಂಡು ಬಂದ. ಕಾರಕೂನ ಜೊತೆಗಿರಲಿಲ್ಲ. ಊರೊಳಗೂ ಹೋಗಲಿಲ್ಲ. ನೇರ ಹೊಳೆಗೆ ಬಂದು, ಬಟ್ಟೆ ಒಗೆಯುತ್ತಿದ್ದವರ ನಡುವೆ ಕೂತ. "ನೀವು ಹೇಳಿದ ಹಾಗೆ ಆಗಲಿ," ಎಂದ.

ಕೆಲಸ ಮತ್ತೆ ಶುರುವಾಯಿತು. ಸುಗಮವಾಗಿ ಏನೂ ಆಗಲಿಲ್ಲ. ಕಲ್ಲುಕುಟಿಗರು ಹಾಕಿದ ಇಳಿಜಾರು ಕಡಿದಾಯಿತು ಎಂದು ಹೆಂಗಸರು ನಿಲ್ಲಿಸಿದರು. ಅಗಸಗಿತ್ತಿಯರಿಂದ ಕಲ್ಲಿನ ಕೆಲಸ ಕಲಿಯಬೇಕೇ ಎಂದು ಕಲ್ಲುಕುಟಿಗರು ಸಿಡುಕಿದರು. ಹೆಂಗಸರು ಹೊರೆ ಹೇರಿದ ಕತ್ತೆಯನ್ನು ತಂದು ನಿಲ್ಲಿಸಿದರು. ಅದು ಕಾಲು ಕಿತ್ತಿಡಲಿಲ್ಲ. ಕಲ್ಲುಕುಟಿಗರು ಕಲ್ಲನ್ನು ಕಿತ್ತು ಮತ್ತೆ ಹಾಕಿದರು. ದಡದಲ್ಲಿ ಬಟ್ಟೆ ಒಣಗಿಸುವ ಕಲ್ಲುಹಾಸು ದೊಡ್ಡದಿರಲಿ ಎಂದು ಗಂಡಸರು, ನಡುದಾರಿಯಲ್ಲಿ ಹೊರೆ ಇಳಿಸಲು ಕಟ್ಟೆ ಬೇಕು ಎಂದು ಹೆಂಗಸರು ಜಗಳವಾಡಿದರು. ಕಟ್ಟೆಯೂ ಆಯಿತು, ಹಾಸು ಸ್ವಲ್ಪ ಕಿರಿದಾಯಿತು. ಮೊದಲ ಮಳೆಗೆ ಒಂದು ಅಂಚು ಕುಸಿಯಿತು. ಆ ಮೂಲೆಯನ್ನು ಬೇಗ ಮುಗಿಸಿ ಎಂದು ಅವಸರ ಮಾಡಿದ್ದು ಕೇರಿಯವರೇ. ಅದನ್ನು ವರ್ತಕನ ಮುಂದೆ ಅವರೇ ಹೇಳಿದರು, ಅವರೇ ಕಟ್ಟಿದರು.

ಆಮೇಲೆ ವರ್ಷವರ್ಷವೂ ಎಲ್ಲರೂ ಹೊಳೆಯ ಹತ್ತಿರ ಕೂತರು. ವರ್ತಕ ಬಂದು ಕೂತು ಕೇಳಿಸಿಕೊಂಡ. ಅವನನ್ನು ಹೊಗಳಿದ ದಿನಗಳೂ ಇದ್ದವು, ಬಯ್ದ ದಿನಗಳೂ ಇದ್ದವು. ಕತ್ತೆಗಳು ಹೊಳೆಗೆ ಇಳಿದವು. ಯಾರೂ ಬೀಳಲಿಲ್ಲ.

ಹೊನ್ನವ್ವ ಮಾತ್ರ ಆ ಕೂಟಕ್ಕೆ ಒಮ್ಮೆಯೂ ಬರಲಿಲ್ಲ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ವರ್ತಕ ಎದುರು ಬಂದರೆ ಅವಳು ದಾರಿ ಬಿಟ್ಟು ನಡೆಯುತ್ತಿದ್ದಳು. ಅವನು ಕೈಮುಗಿದು ನಿಲ್ಲುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ತಲೆ ತಗ್ಗಿಸಿ ಕೂತಿದ್ದ. ಅವನ ಮುಖದ ಕೆಂಪು ಇಳಿದಿತ್ತು. ಆದರೂ ಒಂದು ಮಾತು ಅವನೊಳಗೆ ಉಳಿದಿತ್ತು.

"ಆದರೆ ಗುರುಗಳೇ, ಆ ವರ್ತಕ ಕೆಟ್ಟವನಲ್ಲವಲ್ಲ. ಅವನ ಮನಸ್ಸು ಮೊದಲಿನಿಂದಲೂ ಒಳ್ಳೆಯದೇ ಇತ್ತು."

ಗುರುಗಳ ದನಿ ಇನ್ನೂ ಇಳಿಯಿತು.

"ಅವನು ಕೆಟ್ಟವನಾಗಿದ್ದರೆ ಜನ ಮೊದಲ ದಿನವೇ ತಿರುಗಿಬೀಳುತ್ತಿದ್ದರು, ಆ ಮಗು ಬದುಕುತ್ತಿತ್ತು."