ಮೋಟುಮರದ ಹಿಂದೆ ಸರದಿ ಕಾಯ್ದ ಹೊಳೆಪ್ಪ

ಒಂದು ಕಾಡಿನಲ್ಲಿ ಒಂದು ಹೊಳೆ, ಹೊಳೆಯ ನಡುವೆ ಒಂದು ನಡುಗಡ್ಡೆ, ನಡುಗಡ್ಡೆಯ ತುಂಬ ನೀರುನಾಯಿಗಳು. ಆ ನಡುಗಡ್ಡೆಯ ತಲೆಯ ಮೇಲೆ ಸದಾ ಒಂದು ಮೋಡ ಕೂತಿರುತ್ತಿತ್ತು. ಎಂಥ ಮೋಡ ಅಂತೀರಿ? ಬೆಳಿಗ್ಗೆ ಜಿನುಗಿ, ಮಧ್ಯಾಹ್ನ ಸೋರಿ, ಸಂಜೆ ಬೇಜಾರಾಗಿ ಮತ್ತೆ ಜಿನುಗುವ ಮೋಡ. ಅಲ್ಲಿಯ ಮರಿಗಳಿಗೆ ಸೂರ್ಯ ಅಂದರೆ ಅಜ್ಜಿ ಹೇಳುವ ಕಟ್ಟುಕತೆ. ಅಲ್ಲಿಯ ಕಲ್ಲು ಕೂಡ ನೆಗಡಿಯಾಗಿ ಸೀನುತ್ತಿತ್ತು. ಸುಳ್ಳು ಅನ್ನುವವರು ಹೋಗಿ ಕೇಳಿಸಿಕೊಂಡು ಬರಲಿ.

ನೆಂದು ನೆಂದು ಅಲ್ಲಿಯವರಿಗೆ ಕೆಲವು ವಿಚಿತ್ರ ಅಭ್ಯಾಸಗಳು ಅಂಟಿಕೊಂಡಿದ್ದವು. ಎಲ್ಲಿ ಹೋದರೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬನೇ ಇದ್ದರೆ ಆ ಒಬ್ಬನೇ ಸಾಲು. ಸಾಲಿನಲ್ಲಿ ಮುಂದಿರುವವರ ಮುಖವನ್ನು ಇಣುಕಿ ನೋಡುವುದು ಮಹಾ ಅಸಭ್ಯತೆ. ಯಾರಾದರೂ ಅವರ ಕಾಲು ತುಳಿದರೆ, ತುಳಿಸಿಕೊಂಡವರೇ ಕೈ ಮುಗಿದು, "ಕ್ಷಮಿಸಿ, ನನ್ನ ಕಾಲು ತಮ್ಮ ಪಾದದ ಕೆಳಗೆ ಬಂದುಬಿಟ್ಟಿತು" ಅನ್ನುತ್ತಿದ್ದರು. ಇನ್ನು ಅತಿಥಿಯಾಗಿ ಹೋದಾಗ ಎಲೆಗೆ ಏನೇ ಬೀಳಲಿ, ಹೇಳುವ ಮಾತು ಒಂದೇ: "ಬಹಳ ಚೆನ್ನಾಗಿದೆ."

ಆ ನಡುಗಡ್ಡೆಯಲ್ಲಿ ಹೊಳೆಪ್ಪ ಅಂತ ಒಬ್ಬ ನೀರುನಾಯಿ ಇದ್ದ. ಮರ್ಯಾದಸ್ಥ. ಹೆಂಡತಿ ಸುಳಿಯವ್ವ. ತಂಡಿ ಹಿಡಿದು ಅವಳ ಮಂಡಿಗಳು ಮರಗಟ್ಟಿ ಹೋಗಿದ್ದವು. ಈಜು ಬಿಡಿ, ಏಳುವುದೇ ಕಷ್ಟವಾಗಿತ್ತು. ವೈದ್ಯ ಮಾಡುತ್ತಿದ್ದ ಕೊಕ್ಕರೆ ಅವಳ ಮಂಡಿಯನ್ನು ಕೊಕ್ಕಿನಿಂದ ತಟ್ಟಿ ನೋಡಿ ಹೇಳಿತು: "ಆಚೆ ದಡದ ಕಾಡಿನಲ್ಲಿ ಬಿಸಿಲುಬಂಡೆ ಅಂತ ಇದೆ. ಮಳೆಗಾಲ ಹಿಡಿಯುವ ಮೊದಲು ಇವರನ್ನು ಅದರ ಮೇಲೆ ಮಲಗಿಸಿ ಕಾಯಿಸು. ಇಲ್ಲದಿದ್ದರೆ ಈ ಕಾಲುಗಳು ಇನ್ನು ನೀರಿಗೆ ಇಳಿಯೋದಿಲ್ಲ."

ಈಜಲಾರದ ನೀರುನಾಯಿ! ಹೊಳೆಪ್ಪ ತಡ ಮಾಡಲಿಲ್ಲ. ಅಂದೇ ಒಂದು ಬುಟ್ಟಿ ಮೀನು ಹೊತ್ತುಕೊಂಡು, ಹೆಂಡತಿಯನ್ನು ಬಾಳೆದಿಂಡಿನ ಮೇಲೆ ಕೂರಿಸಿ ತಳ್ಳುತ್ತ ಆಚೆ ದಡ ಸೇರಿದ.

ದಡದ ಮರದ ಮೇಲಿದ್ದ ಕರಿಮೂತಿಯ ಕೋತಿ, ಮುಸುವ, ಕಿರುಚಿತು. "ನಡುಗಡ್ಡೆಯವರು ಬಂದ್ರು! ನಡುಗಡ್ಡೆಯವರು ಬಂದ್ರು ಕಣ್ರಪ್ಪೋ!"

ಮುಂಗುಸಿ ಬಿಲಕ್ಕೆ ಕಲ್ಲು ಮುಚ್ಚಿತು. ಮೊಲದವ್ವ ಮಕ್ಕಳನ್ನು ಕಿವಿ ಹಿಡಿದು ಒಳಗೆಳೆದುಕೊಂಡಳು. ಯಾಕೆ ಅಂದರೆ, ಹಿಂದಿನ ಬೇಸಗೆಯಲ್ಲಿ ನಡುಗಡ್ಡೆಯ ಪಡ್ಡೆ ಹುಡುಗರ ಗುಂಪೊಂದು ಅಲ್ಲಿಗೆ ಮಜಾ ಮಾಡಲು ಬಂದಿತ್ತು. ಆ ಹುಡುಗರು ಬೈನೆ ಮರದ ಕಳ್ಳು ಕುಡಿದು, ನವಿಲು ಕುಣಿಯುವ ಅಂಗಳದಲ್ಲಿ ಉರುಳಾಡಿ, "ಈ ಹೊಳೆಯನ್ನೆಲ್ಲ ನಮ್ಮ ಮುತ್ತಜ್ಜ ಆಳುತ್ತಿದ್ದ!" ಎಂದು ರಾಗ ತೆಗೆದು, ಬಿಸಿಲು ಕಂಡ ಖುಷಿಗೆ ಅಲ್ಲೇ ಅಂಗಾತ ಮಲಗಿ, ಹೊಟ್ಟೆ ಮುತ್ತುಗದ ಹೂವಿನ ಹಾಗೆ ಕೆಂಪಾದ ಮೇಲೆ ಅಳುತ್ತ ಮನೆಗೆ ಹೋಗಿದ್ದರು. ಅಂದಿನಿಂದ ಆ ಕಾಡಿಗೆ ನಡುಗಡ್ಡೆಯವರೆಲ್ಲ ಒಂದೇ.

ಪಾಪ, ಹೊಳೆಪ್ಪನಿಗೆ ಇದೆಲ್ಲ ಏನು ಗೊತ್ತು? ಎದುರಿಗೆ ಸೋಗೆರಾಯ ಎಂಬ ನವಿಲು ಗರಿ ಒಪ್ಪ ಮಾಡಿಕೊಳ್ಳುತ್ತ ನಿಂತಿತ್ತು. ಹೊಳೆಪ್ಪ ತಲೆಬಾಗಿ, "ಬಿಸಿಲುಬಂಡೆಗೆ ದಾರಿ ಯಾವುದು ಸ್ವಾಮಿ?" ಎಂದ.

ಕಾಡಿನವರೆಲ್ಲರ ಹಾಗೆ ಸೋಗೆರಾಯನಿಗೂ ನಡುಗಡ್ಡೆಯ ಭಾಷೆ ನೀರು ಕುಡಿದಷ್ಟು ಸಲೀಸು. ಆದರೂ ಆಕಾಶ ನೋಡಿತು.

ಪರಸ್ಥಳದವರಿಗೆ ಅರ್ಥವಾಗದಿದ್ದರೆ ಅದೇ ಮಾತನ್ನು ನಿಧಾನವಾಗಿ, ಜೋರಾಗಿ ಹೇಳಬೇಕು ಎನ್ನುವುದು ನಡುಗಡ್ಡೆಯವರ ಇನ್ನೊಂದು ನಂಬಿಕೆ. "ಬಿ-ಸಿ-ಲು-ಬಂ-ಡೆ!" ಎಂದು ಹೊಳೆಪ್ಪ ಕೂಗಿದ. ಆ ಕೂಗಿಗೆ ಮಂಗಟ್ಟೆ ಹಕ್ಕಿಯ ಗೂಡಿನಲ್ಲಿ ಇನ್ನೂ ಸಮಯವಾಗದ ಮೊಟ್ಟೆಯೊಂದು ಗಾಬರಿಯಿಂದ ಒಡೆದು ಮರಿಯಾಯಿತು. ಸೋಗೆರಾಯ ಮಾತ್ರ ಬಾಲ ತಿರುಗಿಸಿ ನಡೆದುಬಿಟ್ಟಿತು.

"ಬೇಸರ ಮಾಡ್ಕೋಬೇಡಿ ಸ್ವಾಮಿ, ಇಲ್ಲಿಯವರೇ ಹಾಗೆ!"

ಪೊದೆಯಿಂದ ಗಮ್ಮೆಂದು ಸುವಾಸನೆ ಬಂತು. ಹಿಂದೆಯೇ ಪುನುಗು ಬೆಕ್ಕು ಘಮಘಮಯ್ಯ ಬಂದ. ಬಿಸಿಲುಬಂಡೆಯ ಪಕ್ಕದಲ್ಲೇ ಅವನ ಛತ್ರ. ಹುಡುಗರಿಗೆ ಕಳ್ಳು ಕುಡಿಸಿದವನೂ ಅವನೇ. ಆಮೇಲೆ "ಅಯ್ಯೋ, ಎಂಥ ಜನ!" ಎಂದು ಕಾಡೆಲ್ಲ ಸಾರಿದವನೂ ಅವನೇ. ಅವನು ಹೊಳೆಪ್ಪನ ಕಿವಿಯಲ್ಲಿ, "ನಿಮ್ಮನ್ನು ಕಂಡರೆ ಈ ಕಾಡಿನವರು ಉರಿದು ಬೀಳ್ತಾರೆ. ಯಾರನ್ನೂ ಮಾತಾಡಿಸಬೇಡಿ. ನಾನಿದ್ದೀನಲ್ಲ!" ಎಂದ. ಹೇಳುತ್ತಲೇ ಮೀನಿನ ಬುಟ್ಟಿಯನ್ನು ಇಳಿಸಿಕೊಂಡಿದ್ದ.

ಛತ್ರದ ಹಿತ್ತಲಿನಲ್ಲಿ, ತಣ್ಣನೆ ನೆರಳಿನಲ್ಲಿ, ಒಂದು ಮೋಟುಮರ ಇತ್ತು. ಮೈತುಂಬ ಪಾಚಿ, ಹೆಗಲಿಗೆ ಬಳ್ಳಿ. ಹಿಂದಿನಿಂದ ನೋಡಿದರೆ ಕಂಬಳಿ ಹೊದ್ದು ಕೂತ ಮುದುಕನ ಹಾಗಿತ್ತು.

"ಬಂಡೆಗೆ ಸಾಲು ಇಲ್ಲಿಂದಲೇ ಸ್ವಾಮಿ" ಎಂದ ಘಮಘಮಯ್ಯ. "ಈ ಹಿರಿಯರದು ಮುಗಿದ ಮೇಲೆ ನಿಮ್ಮದೇ ಸರದಿ."

ಸಾಲು ಎಂಬ ಮಾತು ಕೇಳಿದ್ದೇ ಹೊಳೆಪ್ಪನ ಮೀಸೆ ಅರಳಿತು. ಪರಸ್ಥಳದಲ್ಲೂ ಇಂಥ ಸಂಸ್ಕಾರ! ಮೋಟುಮರದಿಂದ ಒಂದು ಮಾರು ಹಿಂದೆ, ಬಾಲ ನೇರ ಮಾಡಿಕೊಂಡು ನಿಂತ. ಸ್ವಲ್ಪ ಹೊತ್ತು ಬಿಟ್ಟು ಸಭ್ಯವಾಗಿ ಕೆಮ್ಮಿ, "ಇವತ್ತು ಸ್ವಲ್ಪ ಮೋಡ ಇದ್ದಂತಿದೆ ಅಲ್ವಾ ಹಿರಿಯರೇ?" ಎಂದ.

ಮೋಟುಮರ ಸುಮ್ಮನಿತ್ತು.

"ನೋಡಿದೆಯಾ ಸುಳಿ?" ಎಂದ ಹೊಳೆಪ್ಪ ಪಿಸುದನಿಯಲ್ಲಿ. "ಎಂಥ ಘನವಂತರು! ಎದುರು ಮಾತೇ ಇಲ್ಲ."

"ರೀ, ಇವರು ಉಸಿರೇ ಆಡ್ತಿಲ್ವಲ್ರೀ?"

"ಷ್! ದೊಡ್ಡವರು ಕಣೇ. ನಿಧಾನಕ್ಕೆ ಆಡ್ತಾರೆ."

ಆ ದಿನ ಹೋಯಿತು, ಮಾರನೆಯ ದಿನ ಹೋಯಿತು, ಸಾಲು ಕದಲಲಿಲ್ಲ. ಹಿತ್ತಲ ಬೇಲಿಯ ಆಚೆ ಘಮಘಮಯ್ಯ ಬಿಸಿಲುಬಂಡೆಯ ಮೇಲೆ ಕಾಲು ಚಾಚಿ ಮಲಗಿ, ಹೊಳೆಪ್ಪ ತಂದ ಮೀನನ್ನು ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಊಟಕ್ಕೆ ಎಂದು ಮುತ್ತುಗದ ಎಲೆಯಲ್ಲಿ ಒಂದು ಕಪ್ಪು ಮುದ್ದೆ ತಂದಿಡುತ್ತಿದ್ದ. ಮಂಗಗಳು ಕಚ್ಚಿ ಎಸೆದ ಅತ್ತಿಹಣ್ಣುಗಳು ತಿಪ್ಪೆಯಲ್ಲಿ ಕೊಳೆತು ಆದ ಮುದ್ದೆ. ಅದರೊಳಗಿನ ಹುಳುಗಳೇ ಹೊರಗೆ ಬಂದು ಗಾಳಿ ತೆಗೆದುಕೊಂಡು ಹೋಗುತ್ತಿದ್ದವು.

"ಹೇಗಿದೆ ಸ್ವಾಮಿ, ನಮ್ಮ ಅತ್ತಿ ರಸಾಯನ?"

ಹೊಳೆಪ್ಪ ಕಣ್ಣು ಮುಚ್ಚಿ ನುಂಗಿದ. ಕಣ್ಣೀರು ಮೀಸೆಯ ಮೇಲೆ ಇಳಿಯಿತು. "ಬಹಳ ಚೆನ್ನಾಗಿದೆ" ಎಂದ.

ಘಮಘಮಯ್ಯ ಆಚೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವರಿಗೆ ಕೆಸರು ಬಡಿಸಿದರೂ ಇನ್ನೊಂದು ಸೌಟು ಹಾಕಿ ಅಂತಾರೆ!"

ಅಷ್ಟರಲ್ಲಿ ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಾಗತೊಡಗಿತು. ಮಳೆ ಹಿಡಿದರೆ ಬಂಡೆ ತಣ್ಣಗಾಗುತ್ತದೆ, ಅದು ಮತ್ತೆ ಕಾಯುವುದು ಮುಂದಿನ ಬೇಸಗೆಗೇ. ಸುಳಿಯವ್ವನಿಗೆ ಈಗ ಕೂತಲ್ಲಿಂದ ಏಳಲೂ ಆಗುತ್ತಿರಲಿಲ್ಲ.

"ರೀ, ಆ ಹಿರಿಯರನ್ನ ಒಂದು ಮಾತು ಕೇಳ್ರೀ. ನಮ್ಮನ್ನ ಸ್ವಲ್ಪ ಮುಂದೆ ಬಿಡಲಿ."

"ಸಾಲು ಮುರಿಯೋದಾ!" ಹೊಳೆಪ್ಪ ಬೆವೆತ. ಆದರೂ ಹೆಂಡತಿಗಾಗಿ, ಕೇಳಬೇಕಾದ ಮಾತನ್ನು ಬೆಳಗಿನಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ. ಮಧ್ಯಾಹ್ನ ಧೈರ್ಯ ತಂದುಕೊಂಡು ಬಾಯಿ ತೆರೆದ. "ಹಿರಿಯರೇ... ಇವತ್ತು ಮೋಡ ಸ್ವಲ್ಪ ಜಾಸ್ತಿಯೇ ಆಯ್ತು ಅಲ್ವಾ?" ಎಂದಷ್ಟೇ ಹೇಳಿ, ನಾಚಿಕೊಂಡು, ನೀರು ತರಲು ಹೊಳೆಗೆ ಓಡಿದ.

ಹೊಳೆಯಲ್ಲಿ ಕರಡಿ ಜಡೆಪ್ಪ ಸ್ನಾನ ಮಾಡುತ್ತಿದ್ದ. ಅವನು ಆ ಕಾಡಿನ ಯಜಮಾನ. ಅವನ ಕುಲದಲ್ಲಿ ಮುಚ್ಚುಮರೆ ಇಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುತ್ತಾರೆ. ಇಲ್ಲದಿದ್ದರೆ ಮಡಕೆ ಒದೆಯುತ್ತಾರೆ.

"ಏನಯ್ಯಾ ನಡುಗಡ್ಡೆಯವನೇ" ಎಂದು ಗುಡುಗಿದ ಜಡೆಪ್ಪ. "ಆ ಘಮಘಮಯ್ಯನ ಊಟ ಹೇಗಿದೆ?"

"ಬಹಳ ಚೆನ್ನಾಗಿದೆ ಯಜಮಾನರೇ. ಇಂಥ ಅತ್ತಿ ರಸಾಯನ ನಮ್ಮ ಕಡೆ ಯಾರೂ ಕಂಡಿಲ್ಲ."

ಕರಡಿ ಮಾತನ್ನು ಮಾತು ಅಂತಲೇ ತಿಳಿಯುತ್ತದೆ. ಜಡೆಪ್ಪನ ಬಾಯಲ್ಲಿ ನೀರೂರಿತು. ಆ ನೀರಿಗೆ ಹೊಳೆ ಒಂದು ಗೇಣು ಏರಿತು. ಹೆಂಡತಿ, ಮಕ್ಕಳು, ಸೋದರತ್ತೆ, ಎಲ್ಲರನ್ನೂ ಕಟ್ಟಿಕೊಂಡು ನೇರ ಛತ್ರಕ್ಕೆ ನಡೆದ. ಕರಡಿಗಳ ದಿಬ್ಬಣ ಕಂಡು ಮುಸುವ, ಮೊಲ, ಮುಂಗುಸಿ, ಸೋಗೆರಾಯ ಎಲ್ಲರೂ ಹಿಂದೆ ಬಿದ್ದರು. ಸಾಲಿನ ಕೊನೆಗೆ ನೀರು ಹೊತ್ತ ಹೊಳೆಪ್ಪ.

ಘಮಘಮಯ್ಯ ಬಂಡೆಯಿಂದ ಧುಮುಕಿ ಓಡಿಬಂದ. "ಬನ್ನಿ ಯಜಮಾನರೇ! ಜೇನು ಇದೆ, ಹಲಸು ಇದೆ..."

"ಅದೆಲ್ಲ ಬೇಡ. ಈ ನೀರುನಾಯಿ ತಿನ್ನುತ್ತಲ್ಲ, ಅದನ್ನೇ ತಾ."

"ಅದು... ಅದು ಪರಸ್ಥಳದವರಿಗೆ ಮಾತ್ರ..."

"ಹೋ! ಊರವರಿಗೆ ಬರೀ ಹಲಸು, ಬಂದವರಿಗೆ ರಸಾಯನವಾ?" ಎಂದವನೇ ಜಡೆಪ್ಪ ಹಿತ್ತಲಿಗೆ ನುಗ್ಗಿ, ಸುಳಿಯವ್ವನ ಮುಂದಿದ್ದ ಎಲೆಯನ್ನೇ ಎತ್ತಿ ಗಂಟಲಿಗೆ ಸುರಿದುಕೊಂಡ.

ಜಡೆಪ್ಪನ ಕಣ್ಣು ಒಂದು ಪೂರ್ವಕ್ಕೆ ಹೋಯಿತು, ಇನ್ನೊಂದು ಪಶ್ಚಿಮಕ್ಕೆ. ಆಮೇಲೆ ಅವನು ಉಗಿದ ರಭಸಕ್ಕೆ ಎದುರಿನ ಮತ್ತಿಮರದ ಎಲೆಯೆಲ್ಲ ಉದುರಿ ಮರ ಬೋಳಾಯಿತು.

"ಇದನ್ನಾ ಚೆನ್ನಾಗಿದೆ ಅಂದದ್ದು?" ಎಂದು ಹೊಳೆಪ್ಪನ ಮೇಲೆ ಬಂದ.

"ಕ್ಷಮಿಸಿ..."

"ಕ್ಷಮೆ ಹೊಳೆಗೆ ಹಾಕು! ನಿಜ ಹೇಳು!"

ಹೊಳೆಪ್ಪ ನೆಲ ನೋಡಿದ. ಅತಿಥಿಯಾಗಿ ಬಂದು ದೂರು ಹೇಳುವುದೇ? ಅವನ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಪಕ್ಕಕ್ಕೆ ತಿರುಗಿದ. ಗಲಾಟೆಗೆ ಹೆದರಿ ಸುಳಿಯವ್ವ ಏಳಲು ನೋಡುತ್ತಿದ್ದಳು. ಎದ್ದಳು, ಕುಸಿದಳು, ಮತ್ತೆ ಮುಂಗಾಲು ಊರಿದಳು. ಹೊಳೆಪ್ಪ ಅವಳನ್ನು ಹಿಡಿದು ಕೂರಿಸಿದ. ಗಂಟಲು ಸರಿ ಮಾಡಿಕೊಂಡು ಹೇಳಿಯೇಬಿಟ್ಟ:

"ಅದು... ಸ್ವಲ್ಪ ಹಳೆಯದು ಇರಬಹುದು."

ನಡುಗಡ್ಡೆಯಲ್ಲಿ ಇದು ಸಿಂಹಗರ್ಜನೆಗೆ ಸಮ. ಸುಳಿಯವ್ವ ಬೆಚ್ಚಿಬಿದ್ದು, "ರೀ! ಸಿಟ್ಟು ಮಾಡ್ಕೋಬೇಡ್ರೀ!" ಎಂದಳು. ಆದರೆ ಹೊಳೆಪ್ಪ ಈಗ ನಿಲ್ಲುವವನಲ್ಲ. "ಹುಳುವೂ ಇತ್ತು!" ಎಂದ. "ನನ್ನ ಹೆಂಡತಿಯ ಮಂಡಿ ನೋಯುತ್ತಿದೆ! ಮಳೆ ಬರುತ್ತಿದೆ! ಈ ಹಿರಿಯರದು ಮುಗಿಯುತ್ತಲೇ ಇಲ್ಲ!"

"ಯಾವ ಹಿರಿಯರು?" ಎಂದ ಜಡೆಪ್ಪ.

ಹೊಳೆಪ್ಪ ಮರ್ಯಾದೆಯಿಂದ ಮುಂದಕ್ಕೆ ಕೈ ತೋರಿಸಿದ. ಜಡೆಪ್ಪ ಹೋಗಿ ಹಿರಿಯರ ಬೆನ್ನಿಗೆ ಒಂದು ಬಿಟ್ಟ. ಪಾಚಿ ಕಿತ್ತುಬಂತು, ಒಳಗಿನಿಂದ ಕಟ್ಟಿರುವೆಗಳು ಬೈಯುತ್ತ ಹೊರಬಂದವು.

ಎಲ್ಲರೂ ಮೋಟುಮರವನ್ನೊಮ್ಮೆ, ಹೊಳೆಪ್ಪನನ್ನೊಮ್ಮೆ ನೋಡಿದರು. ಆಮೇಲೆ ಕಾಡಿಗೆ ಕಾಡೇ ನಕ್ಕಿತು. ಮುಸುವ ನಗುತ್ತ ಕೊಂಬೆ ಬಿಟ್ಟು ಕೆಳಗೆ ಬಿತ್ತು. ಹೊಳೆಪ್ಪ ಮಾತ್ರ ಮೋಟುಮರದ ಬಳಿ ಹೋಗಿ, "ಕ್ಷಮಿಸಿ, ತಮಗೆ ನೋವಾಯಿತೇನೋ" ಎಂದ.

ಆ ಮಾತು ಕೇಳಿ ನಗು ನಿಂತುಹೋಯಿತು. ಮೊಲದವ್ವ ಕಣ್ಣೊರೆಸಿಕೊಂಡಳು. "ಇಂಥ ಸಾಧು ಪ್ರಾಣಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದೆವಾ ನಾವು?"

ಸೋಗೆರಾಯ ಮುಂದೆ ಬಂದು, ಅಚ್ಚ ನಡುಗಡ್ಡೆಯ ಭಾಷೆಯಲ್ಲಿ, "ಬನ್ನಿ ತಾಯಿ, ಬಂಡೆಗೆ ನಾನೇ ದಾರಿ ತೋರಿಸ್ತೀನಿ" ಎಂದಿತು.

"ನಿಮಗೆ ನಮ್ಮ ಭಾಷೆ ಬರುತ್ತಾ?" ಎಂದ ಹೊಳೆಪ್ಪ.

"ಈಗ ತಾನೇ ಬಂತು" ಎಂದಿತು ಸೋಗೆರಾಯ, ಮತ್ತೆ ಆಕಾಶ ನೋಡುತ್ತ.

ಜಡೆಪ್ಪ ಸುಳಿಯವ್ವನನ್ನು ಬೆನ್ನ ಮೇಲೆ ಹೊತ್ತು ಬಿಸಿಲುಬಂಡೆಯ ಮೇಲೆ ಮಲಗಿಸಿದ. ಮಳೆ ಮೋಡಕ್ಕೂ ಪಾಪ ಅನ್ನಿಸಿರಬೇಕು, ಪಡುವಣದಲ್ಲೇ ತಡವರಿಸಿ ನಿಂತಿತು. ಬಂಡೆಯ ಕಾವು ಮಂಡಿಗೆ ಇಳಿಯಿತು. ಮೊದಲು ಬೆರಳು ಆಡಿತು, ಆಮೇಲೆ ಪಾದ, ಆಮೇಲೆ ಮಂಡಿ. ಕೆಲವೇ ದಿನಗಳಲ್ಲಿ ಸುಳಿಯವ್ವ ಹೊಳೆಗೆ ಹಾರಿದ ರಭಸಕ್ಕೆ ಎದ್ದ ಅಲೆ ನಡುಗಡ್ಡೆಯ ಮೋಡವನ್ನೇ ತೋಯಿಸಿತಂತೆ.

ಮತ್ತೆ ಘಮಘಮಯ್ಯ? ಅವನಿಗೆ ಜಡೆಪ್ಪ ಅಂದೇ ತೀರ್ಪು ಕೊಟ್ಟಿದ್ದ: "ಹೋಗಿ ಆ ಹಿರಿಯರ ಹಿಂದೆ ನಿಲ್ಲು. ಅವರು ಎದ್ದು ಹೋದ ಮೇಲೆ ನಿನ್ನ ಸರದಿ."

ಘಮಘಮಯ್ಯ ಮೋಟುಮರದ ಹಿಂದೆ ನಿಂತ. ಇರುವೆಗಳು ಅವನ ಬಾಲದ ಪರಿಚಯ ಮಾಡಿಕೊಂಡವು. ಅವನು ಒಂಟಿಯಾಗಿ ನಿಂತದ್ದನ್ನು ಬಂಡೆಯ ಮೇಲಿನಿಂದ ಕಂಡ ಹೊಳೆಪ್ಪನಿಗೆ ಮನಸ್ಸು ತಡೆಯಲಿಲ್ಲ. ಇಳಿದು ಬಂದು, ಒಂದು ಮಾರು ಬಿಟ್ಟು, ಅವನ ಹಿಂದೆ ತಾನೂ ನಿಂತ.

"ಇವತ್ತು ಬಿಸಿಲು ಪರವಾಗಿಲ್ಲ ಅಲ್ವಾ ಸ್ವಾಮಿ?" ಎಂದ. "ಹಸಿದಿದ್ದೀರೇನೋ ಅಂತ ತಂದೆ. ನಿಮ್ಮದೇ ಉಗ್ರಾಣದ್ದು" ಎಂದು ಮುತ್ತುಗದ ಎಲೆಯೊಂದನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. ಎಲೆಯಲ್ಲಿ ಕಪ್ಪು ಮುದ್ದೆ. ಮುದ್ದೆಯಿಂದ ಒಂದು ಹುಳು ಗಾಳಿ ತೆಗೆದುಕೊಳ್ಳಲು ಹೊರಗೆ ಬಂದಿತ್ತು.

ಘಮಘಮಯ್ಯ ಎಲೆ ನೋಡಿದ. ಬಂಡೆಯ ಮೇಲೆ ಕೂತು ತನ್ನನ್ನೇ ನೋಡುತ್ತಿದ್ದ ಜಡೆಪ್ಪನನ್ನು ನೋಡಿದ. ಕಣ್ಣು ಮುಚ್ಚಿ ನುಂಗಿದ.

"ಹೇಗಿದೆಯೋ?" ಎಂದು ಜಡೆಪ್ಪ ಮೇಲಿನಿಂದ ಗುಡುಗಿದ.

ಘಮಘಮಯ್ಯನ ಮೀಸೆಯ ಮೇಲೆ ಕಣ್ಣೀರು ಇಳಿಯಿತು.

"ಬಹಳ ಚೆನ್ನಾಗಿದೆ" ಎಂದ.

ನೀತಿ: ಇನ್ನೊಬ್ಬರ ಮರ್ಯಾದೆಯನ್ನು ದಡ್ಡತನ ಎಂದುಕೊಂಡು ಮೋಸ ಮಾಡಿದವನು ತಾನು ಬಡಿಸಿದ್ದನ್ನು ತಾನೇ ತಿನ್ನಬೇಕಾಗುತ್ತದೆ. ಹಾಗೆಯೇ, ಒಂದು ಕಡೆಯಿಂದ ಬಂದ ನಾಲ್ಕು ತುಂಟರನ್ನು ನೋಡಿ ಅಲ್ಲಿಯವರೆಲ್ಲ ಹೀಗೇ ಎಂದು ಬಾಗಿಲು ಹಾಕಿಕೊಳ್ಳಬಾರದು.