ಬೀಕನ್‌ಗಿಂತ ತಗ್ಗಿದ ದನಿ

ಬಹಳ ಹಿಂದೆ ಒಂದೂರಲ್ಲಿ, ಕಡಲ ಪಕ್ಕದ ಗುಡ್ಡದ ಮೇಲೆ, ಯಮುನಕ್ಕ ಅಂತ ಒಬ್ಬಳಿದ್ದಳಂತೆ. ಆಕಾಶದ ಜೊತೆ ಮಾತಾಡ್ತಾಳೆ ಅಂತಿದ್ದರು ಜನ. ಒಂದು ಕೈಲಿ ಆಂಟೆನಾ, ಇನ್ನೊಂದು ಕೈಲಿ ಮೈಕು. ನಗಬೇಡಿ, ಮುಂದೆ ಕೇಳಿ, ನಗು ತಾನಾಗಿ ನಿಲ್ತದೆ.

ಹವ್ಯಾಸಿ ರೇಡಿಯೋದವರ ಒಂದು ಪುಟ್ಟ ಉಪಗ್ರಹ ಊರ ಮೇಲೆ ಹಾದು ಹೋಗ್ತಿತ್ತು. ಕೆಳಗಿಂದ ಹೋದ ದನಿಯನ್ನ ಅದು ದೂರದವರಿಗೆ ತಲುಪಿಸೋದು. ಆದರೆ ಅದಕ್ಕಿರೋ ಶಕ್ತಿ ಚೂರೇ ಚೂರು, ಮಾತಾಡೋರೆಲ್ಲ ಹಂಚ್ಕೋಬೇಕು. ಒಬ್ಬರು ತಮ್ಮ ರೇಡಿಯೋಗೆ ಪವರ್ ಜಾಸ್ತಿ ಕೊಟ್ಟರೆ ಎಲ್ಲಾ ಅವರ ಪಾಲು, ಉಳಿದವರ ದನಿ ಮುಳುಗಿಹೋಗ್ತದೆ. ಅದು ತಾನೂ ಬೀಪ್ ಬೀಪ್ ಅಂತ ಒಂದು ಗುರುತಿನ ಸದ್ದು ಬಿಡ್ತಿತ್ತು, ಬೀಕನ್ ಅಂತಾರೆ. ಮೇಲಿಂದ ನಮಗೇ ವಾಪಸು ಕೇಳಿಸೋ ನಮ್ಮ ದನಿ ಆ ಸದ್ದನ್ನ ಮೀರಬಾರದು. ಊರಿಗೆಲ್ಲ ಇದನ್ನ ಕಲಿಸಿದವಳೇ ಯಮುನಕ್ಕ ಅಂತಾರೆ.

ಒಂದ್ಸಲ ಅವಳ ತಮ್ಮ ವಾಮನ, ಗೆಳೆಯನ ಜೊತೆ ಕಡಲ ನಡುವಿನ ಕಾಗೆ ನಡುಗಡ್ಡೆಗೆ ಹೋದ. ಜನ ಇಲ್ಲದ ಕಡೆ ಕೂತು ರೇಡಿಯೋದಲ್ಲಿ ಮಾತಾಡೋದು ಅವರಿಗೊಂದು ಹುಚ್ಚು. ಸಂಜೆಗೆ ಗಾಳಿ ಎದ್ದಿತು, ಕಡಲು ನಡುಗಡ್ಡೆ ಮೇಲೇರಿತು. ದಡದಲ್ಲಿ ದೋಣಿಯವರು ಹೊರಟು ನಿಂತರು. ಆದರೆ ಹುಡುಗರು ಯಾವ ಬದಿಗಿದ್ದಾರೆ? ತಪ್ಪು ಬದಿಗೆ ಹೋದರೆ ಬಂಡೆಗೆ ಬಡಿದು ದೋಣಿಯೇ ಚೂರು. ಅವರ ರೇಡಿಯೋ ನೇರವಾಗಿ ದಡ ಮುಟ್ಟೋದಿಲ್ಲ, ಸುದ್ದಿ ಬರೋದಿದ್ದರೆ ಉಪಗ್ರಹದ ಮೂಲಕವೇ ಬರಬೇಕು.

ಉಪಗ್ರಹ ಬಂತು. ಯಮುನಕ್ಕ ಕರೆದಳು. ತಮ್ಮನ ದನಿ ಇಲ್ಲ. ಹೆದರಿಕೆ ಅಂದರೆ ಏನು ಗೊತ್ತಾ? ಕಲಿತದ್ದನ್ನೆಲ್ಲ ಮರೆಸಿಬಿಡ್ತದೆ. ಪವರ್ ಏರಿಸಿದಳಂತೆ. ಮತ್ತೆ ಏರಿಸಿದಳಂತೆ. ಮೈಕಿನ ಗುಂಡಿ ಬಿಡದೆ ವಾಮನಾ, ವಾಮನಾ ಅಂತ ಕೂಗಿದಳಂತೆ. ಹೆಡ್‌ಫೋನಲ್ಲಿ ಅವಳ ದನಿಯೇ ಗಟ್ಟಿಯಾಗಿ ವಾಪಸು ಬರ್ತಿತ್ತು. ಬೇರೇನೂ ಇಲ್ಲ. ಬೀಕನ್ನೂ ಇಲ್ಲ.

ಬೀಕನ್ ಇಲ್ಲ ಅನ್ನೋದು ಆಗ ಹೊಳೀತಂತೆ. ತಮ್ಮನ ಬಾಯಿ ಮುಚ್ಚಿ ಹಿಡಿದಿರೋಳು ತಾನೇ ಅಂತ ಗೊತ್ತಾಯ್ತು.

ಉಪಗ್ರಹ ಬಾನಂಚಿಗೆ ಇಳೀತಾ ಇತ್ತು, ಇನ್ನೇನು ಮರೆಯಾಗೋದೇ. ಆ ಹೊತ್ತಲ್ಲಿ ಪವರ್ ಇಳಿಸೋಕೆ ಎಂಥ ಗುಂಡಿಗೆ ಬೇಕು, ಯೋಚಿಸಿ. ತನ್ನ ಮಾತು ಅವನಿಗೆ ತಲುಪದೇ ಹೋದರೆ? ಆದರೂ ಇಳಿಸಿದಳು. ಬೀಕನ್ ಕೇಳಿಸ್ತು. ತನ್ನ ದನಿ ಅದಕ್ಕಿಂತ ಸಣ್ಣದಾಗೋವರೆಗೂ ಇಳಿಸಿ, "ನೀ ಹೇಳಪ್ಪಾ, ನಾನು ಕೇಳ್ತೀನಿ" ಅಂದಳು.

"ಅಕ್ಕಾ, ಆಗಿಂದ ಹೇಳ್ತಾನೇ ಇದ್ದೀನಿ. ಬಡಗು ಬದಿ ಬಂಡೆ ಮೇಲಿದ್ದೀನಿ. ನೀರು ಸೊಂಟಕ್ಕೆ ಬಂತು."

ಅಷ್ಟೇ. ಉಪಗ್ರಹ ಮರೆಯಾಯ್ತು. ದೋಣಿಗಳು ಬಡಗು ಬದಿಗೆ ಹೋಗಿ ವಾಮನನನ್ನ ಕರ್ಕೊಂಡು ಬಂದವು. ಗೆಳೆಯ ಸಿಗಲಿಲ್ಲ. ಅವಳು ಕೂಗ್ತಿದ್ದ ಹೊತ್ತಲ್ಲೇ ಅವನು ಹೋದ ಅಂತಾರೆ, ನಿಜವೋ ಸುಳ್ಳೋ. ಯಮುನಕ್ಕ ಮಾತ್ರ ಮತ್ತೆ ಯಾವತ್ತೂ ಗಟ್ಟಿಯಾಗಿ ಮಾತಾಡಲಿಲ್ಲವಂತೆ.

ಈಗಲೂ ಅಲ್ಲಿ ರೇಡಿಯೋ ಮುಂದೆ ಕೂತವರು ಮೊದಲು ಬೀಕನ್ ಹುಡುಕ್ತಾರೆ, ಪವರ್ ತೀರಾ ಕಡಿಮೆಯಿಂದ ಶುರು ಮಾಡ್ತಾರೆ. ರೇಡಿಯೋ ಗೊತ್ತಿಲ್ಲದವರೂ ಒಂದನ್ನ ಪಾಲಿಸ್ತಾರೆ. ದೋಣಿ ತಡವಾದ ಸಂಜೆ ಊರೆಲ್ಲ ದಡಕ್ಕೆ ಬರ್ತದೆ. ಹೆತ್ತವಳು ಕೂಡ ಮಗನ ಹೆಸರು ಹಿಡಿದು ಕೂಗೋದಿಲ್ಲ. ಸೆರಗನ್ನ ಬಾಯಿಗೆ ಒತ್ತಿ ಹಿಡಿದು, ಕಡಲ ಕಡೆ ಕಿವಿಗೊಟ್ಟು ನಿಂತಿರ್ತಾಳೆ.